ತಮ್ಮನ ಟರ್ಬೊ ಕನಸು

ಯುಗಾದಿಗೆ ಉಗರಗೋಳಕ್ಕೆ ಹೋದಾಗ ಬ್ಯಾಗ್ ಇಳಿಸೋಕೂ ಬಿಡದೆ ತಮ್ಮ ಮೊಬೈಲ್ ಮುಂದೆ ಹಿಡಿದ. ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಯ ರೀಲ್. ಮುಂದಿನ ಗಾಲಿ ಮೇಲೆದ್ದಿವೆ, ಸೈಲೆನ್ಸರ್‌ನಿಂದ ಕರಿ ಹೊಗೆ ಆಕಾಶಕ್ಕೆ.

"ಅಣ್ಣಾ, ನಮ್ಮ ಗಾಡಿಗೂ ಒಂದ್ ಟರ್ಬೊ ಕೂಡ್ಸೂಣು. ಗುಜರಿಯೊಳಗ ಲಾರೀದು ಸಿಗ್ತೈತಿ. 39 ಎಚ್‌ಪಿ ಇದ್ದದ್ದು 50 ಆಕ್ಕೈತಿ."

ಅವನದು ಬರೀ ಶೋಕಿ ಅಲ್ಲ. ನಮ್ಮ ಎರಿ ಭೂಮಿಯಲ್ಲಿ ರಂಟಿ ಹೊಡೆಯುವಾಗ ಎಂಜಿನ್ ದಮ್ಮು ಕಟ್ಟುತ್ತಿತ್ತು. ಬಾಡಿಗೆಗೆ ಕರೆಯುತ್ತಿದ್ದವರು ಒಬ್ಬೊಬ್ಬರೇ ದೊಡ್ಡ ಟ್ರ್ಯಾಕ್ಟರ್ ಕಡೆ ಹೊರಳಿದ್ದರು. ಸಾಲದ ಕಂತು ಇನ್ನೂ ಎರಡು ವರ್ಷ ಬಾಕಿ.

"ನೀ ಎಂಜಿನಿಯರ್ ಅದೀಯಲ್ಲ, ಹೇಳು" ಅಂದ್ರು ಅಪ್ಪ. ನಾನು ಓದಿದ್ದು ಕಂಪ್ಯೂಟರ್. ಆದ್ರೂ ಮರ್ಯಾದೆ ಪ್ರಶ್ನೆ, ರಾತ್ರಿಯೆಲ್ಲ ಕೂತು ಓದಿದೆ.

ಟರ್ಬೊ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಹೊರಗೆ ಹೋಗುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಅಚ್ಚಿನ ಇನ್ನೊಂದು ಚಕ್ರ ಎಂಜಿನ್‌ಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಹೆಚ್ಚು ಸುಡಬಹುದು, ಶಕ್ತಿ ಹೆಚ್ಚುತ್ತದೆ. ಇಷ್ಟು ಕೇಳಿ ತಮ್ಮನ ಮುಖ ಅರಳಿತು.

ಸಮಸ್ಯೆ ಇರೋದು ಮುಂದೆ. ಒತ್ತಡ, ಕಾವು ಎರಡೂ ಏರುತ್ತವೆ. ಕಂಪನಿಯೇ ಟರ್ಬೊ ಇಟ್ಟು ಮಾಡಿದ ಎಂಜಿನ್‌ನಲ್ಲಿ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ರೇಡಿಯೇಟರ್ ಎಲ್ಲ ಅದಕ್ಕೆ ತಕ್ಕಂತೆ ಇರುತ್ತವೆ. ನಮ್ಮದರಲ್ಲಿ ಇಲ್ಲ. ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಎಣ್ಣೆ ಸರಿಯಾಗಿ ಹರಿಯದಿದ್ದರೆ ಬೇರಿಂಗ್ ಉಳಿಯೋದಿಲ್ಲ. ಲಾರಿಯ ದೊಡ್ಡ ಟರ್ಬೊ ತಿರುಗಿಸುವಷ್ಟು ಹೊಗೆಯೂ ನಮ್ಮ ಸಣ್ಣ ಎಂಜಿನ್ ಕೊಡೋದಿಲ್ಲ. ಎಂಜಿನ್ ತಡೆದುಕೊಂಡರೂ ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಅಚ್ಚು 39 ಎಚ್‌ಪಿಗೆ ಮಾಡಿದವೇ. ಆಫೀಸಲ್ಲಿ ನಾವು ದಿನಾ ನೋಡೋದೂ ಇದೇ: ಒಂದು ಕಡೆ ವೇಗ ಹೆಚ್ಚಿಸಿದರೆ ಭಾರ ಮುಂದಿನದರ ತಲೆ ಮೇಲೆ. ಸಾಲದ್ದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಆರ್‌ಸಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ.

"ನಿನಗೇನ್, ನಾಳೆ ಬೆಂಗಳೂರಿಗೆ ಹೊಕ್ಕಿ. ಬಾಡಿಗಿ ಕಳಕೊಳ್ಳಾಂವ ನಾ" ಅಂದ ತಮ್ಮ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಮಿಸ್ತ್ರಿ ಕಾಕಾನನ್ನ ಕರೆಸಿದೆವು. ಅವರು ಟರ್ಬೊ ಮಾತೇ ಎತ್ತಲಿಲ್ಲ. ಏರ್ ಫಿಲ್ಟರ್‌ನ ತಳದ ಬಟ್ಟಲು ಬಿಚ್ಚಿ ನಮ್ಮ ಮುಂದಿಟ್ಟರು. ಧೂಳು ಹಿಡಿಯಬೇಕಾದ ಎಣ್ಣೆ ಗಟ್ಟಿ ಕೆಸರಾಗಿತ್ತು. "ಮೂಗ್ ಕಟ್ಟಿದಾಂವಗ ಓಡು ಅಂದ್ರ ಹೆಂಗ್ ಓಡ್ತಾನಪಾ?"

ಹೆಚ್ಚು ಗಾಳಿ ಬೇಕು ಅಂತ ಗುಜರಿ ಸುತ್ತುತ್ತಿದ್ದ ನಮಗೆ, ಇರುವ ಗಾಳಿಯ ದಾರಿಯೇ ಕಟ್ಟಿದ್ದು ಕಂಡಿರಲಿಲ್ಲ. ಫಿಲ್ಟರ್ ತೊಳೆದು ಹೊಸ ಎಣ್ಣೆ ಹಾಕಿ, ಡೀಸೆಲ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ತಪಾಸಣೆ ಮಾಡಿಸಿದೆವು. ಕರಿ ಹೊಗೆ ತಿಳಿಯಾಯಿತು, ಹೋದ ದಮ್ಮು ಮರಳಿತು.

ಅದು 50 ಎಚ್‌ಪಿ ಆಗಲಿಲ್ಲ, ಆಗೋದೂ ಇಲ್ಲ. ಆಳದ ರಂಟಿ ಕೆಲಸ ಈಗಲೂ ದೊಡ್ಡ ಟ್ರ್ಯಾಕ್ಟರ್‌ನವರಿಗೇ ಹೋಗುತ್ತದೆ. ಆದರೆ ಮುಂಗಾರಿಗೆ ಹರಗೋದು, ಬಿತ್ತೋದು ಅಂತ ಬಾಡಿಗೆ ಮತ್ತೆ ಬಂತು, ಕಂತು ತಪ್ಪಲಿಲ್ಲ. ಮೊನ್ನೆ ತಮ್ಮ ಒಂದು ಫೋಟೊ ಕಳಿಸಿದ್ದ. ಈ ಸಲ ರೀಲ್ ಅಲ್ಲ, ತೊಳೆದಿಟ್ಟ ಫಿಲ್ಟರ್ ಬಟ್ಟಲು.

ನಿಮ್ಮ ಊರಿನ ಟ್ರ್ಯಾಕ್ಟರೂ ದಮ್ಮು ಕಟ್ಟುತ್ತಿದ್ದರೆ, ಇವತ್ತೇ ಮನೆಗೆ ಒಂದು ಫೋನ್ ಮಾಡಿ. ಮೊದಲು ಆ ಬಟ್ಟಲು ಬಿಚ್ಚಿ ನೋಡೋಕೆ ಹೇಳಿ.