ಕಿರುದಾರಿಯ ಹಿರಿಮೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಹಳೆಯ ಗಾದೆಯುಂಟು: "ಸೊಕ್ಕಿದ್ದವನು ಯಾಣಕ್ಕೆ, ರೊಕ್ಕವಿದ್ದವನು ಗೋಕರ್ಣಕ್ಕೆ." ಗೋಕರ್ಣಕ್ಕೆ ಹೋಗಿಬರಲು ಕೈಯಲ್ಲಿ ಹಣವಿದ್ದರೆ ಸಾಕು, ಯಾಣಕ್ಕೆ ಹೋಗಬೇಕಾದರೆ ಮೈಯಲ್ಲಿ ಕಸುವೂ ಎದೆಯಲ್ಲಿ ಧೈರ್ಯವೂ ಬೇಕು ಎಂಬುದು ಅದರ ತಾತ್ಪರ್ಯ. ಕುಮಟಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಯಾಣದ ಕರಿಬಂಡೆಗಳು ಆಕಾಶದತ್ತ ಚಾಚಿ ನಿಂತಿವೆ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್. ಮೋಹಿನಿ ಶಿಖರದ ಎತ್ತರ ಸುಮಾರು 90 ಮೀಟರ್. ಹಿಂದೆ ಅಲ್ಲಿಗೆ ಹೋಗುವವರು ಮೈಲಿಗಟ್ಟಲೆ ಕಾಡಿನಲ್ಲಿ ನಡೆಯಬೇಕಾಗಿತ್ತು. ಇಂದು ರಸ್ತೆಯು ಬಂಡೆಗಳ ಸಮೀಪದವರೆಗೂ ಬಂದಿದೆ. ವಾಹನ ನಿಲ್ಲುವ ಸ್ಥಳದಿಂದ ಮರಗಳ ನೆರಳಿನಲ್ಲಿ ಸ್ವಲ್ಪ ದೂರ ನಡೆದು, ಮೆಟ್ಟಿಲುಗಳನ್ನು ಏರಿದರೆ ಭೈರವೇಶ್ವರನ ಸನ್ನಿಧಿ ದೊರೆಯುತ್ತದೆ. ಆರು ವರ್ಷದ ಮಗುವೂ ಅರವತ್ತು ದಾಟಿದ ಅಜ್ಜಿಯೂ ಕೈಕೈ ಹಿಡಿದು ನಡೆಯಬಹುದಾದ ದಾರಿ ಅದು.

ಗಾದೆಯ ಕಾಲ ಕಳೆದುಹೋಯಿತೆಂದು ಕೊರಗುವವರೂ ಇದ್ದಾರೆ. ಕಾಡು ಕಷ್ಟಪಟ್ಟವನಿಗೆ ಮಾತ್ರ ಒಲಿಯಬೇಕು. ಸುಲಭವಾಗಿ ದೊರೆತುದಕ್ಕೆ ಬೆಲೆಯಿಲ್ಲ ಎಂಬುದು ಅವರ ವಾದ. ಕಷ್ಟವು ಮನುಷ್ಯನನ್ನು ಗಟ್ಟಿಗೊಳಿಸುತ್ತದೆ ಎಂಬುದು ನಿಜವೇ. ಆದರೆ ಕಾಡು ಕಸುವುಳ್ಳವರ ಸೊತ್ತಷ್ಟೇ ಆಗಬೇಕೆ? ಮಕ್ಕಳು, ಮುದುಕರು, ಮೊದಲ ಬಾರಿಗೆ ಕಾಡಿಗೆ ಕಾಲಿಡುವವರು ಅದರ ಹೊರಗೇ ನಿಲ್ಲಬೇಕೆ? ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಅವಲಂಬಿಸಿ ಕಾಡಿನ ಮುಂದಿನ ದಿನಗಳು ನಿರ್ಧಾರವಾಗುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಚಾರಣದ ಹವ್ಯಾಸ ಕನ್ನಡ ನಾಡಿನಲ್ಲಿ ಬಹಳವಾಗಿ ಬೆಳೆದಿದೆ. ಇದು ಸಂತೋಷದ ಸಂಗತಿ. ಆದರೆ ಚಾರಣವೆಂದರೆ ಶಿಖರವನ್ನು ಏರುವುದು ಎಂಬ ಭಾವನೆಯೂ ಅದರೊಡನೆ ಬೇರೂರಿದೆ. ಎತ್ತರದ ತುದಿಯಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳದೆ ಮರಳಿದರೆ ಪ್ರಯಾಣವೇ ವ್ಯರ್ಥವೆಂದು ಭಾವಿಸುವವರು ಹೆಚ್ಚಾಗಿದ್ದಾರೆ. ಇದರ ಫಲವಾಗಿ ಹೆಸರುವಾಸಿಯಾದ ಕೆಲವೇ ಬೆಟ್ಟಗಳ ಮೇಲೆ ಜನರ ಭಾರ ಬಿದ್ದಿದೆ. 2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಂದು, ಕುಮಾರ ಪರ್ವತದ ದಾರಿಯಲ್ಲಿ ಭಾರಿ ಜನಸಂದಣಿ ಉಂಟಾಯಿತು. ಸುಮಾರು 1,712 ಮೀಟರ್ ಎತ್ತರದ ಆ ಪರ್ವತಕ್ಕೆ ಹೋಗುವುದು ಕಠಿಣವಾದ ಏರುದಾರಿ. ಜಾತ್ರೆಯ ಜನವನ್ನು ಹೊರುವ ಬೀದಿಯಲ್ಲ. ಸರ್ಕಾರವು ಕೂಡಲೇ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಒಂದು ದಾರಿಗೆ ದಿನಕ್ಕೆ 300 ಮಂದಿಗಿಂತ ಹೆಚ್ಚಿಲ್ಲದಂತೆ ಮಿತಿಯನ್ನು ಗೊತ್ತುಪಡಿಸಿ, ಅಂತರಜಾಲದ ಮೂಲಕ ಮುಂಗಡವಾಗಿ ಅನುಮತಿ ಪಡೆಯುವ ಕ್ರಮವನ್ನು ಜಾರಿಗೆ ತಂದಿತು.

ಈ ನಿರ್ಬಂಧ ಅಗತ್ಯವಾಗಿತ್ತು. ಪಶ್ಚಿಮ ಘಟ್ಟದ ನೆತ್ತಿಯ ಮೇಲಿರುವುದು ಹುಲ್ಲುಗಾವಲು; ಅದರ ಮಡಿಲಿನ ಕಣಿವೆಗಳಲ್ಲಿರುವುದು ಶೋಲೆಯ ಕಾಡು. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ; ಮಣ್ಣು ಮಳೆಯ ನೀರನ್ನು ಹೀರಿಕೊಂಡು, ಬೇಸಗೆಯಲ್ಲಿ ತೊರೆಗಳಿಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಸಾವಿರಾರು ಕಾಲುಗಳು ಒಂದೇ ಜಾಡಿನಲ್ಲಿ ತುಳಿದಾಗ ಮಣ್ಣು ಗಟ್ಟಿಯಾಗಿ ಹುಲ್ಲಿನ ಬೇರು ಸಾಯುತ್ತದೆ. ಬರಿದಾದ ಜಾಡಿನಲ್ಲಿ ಮಳೆಯ ನೀರು ರಭಸದಿಂದ ಹರಿದು ಕೊರಕಲು ಬೀಳುತ್ತದೆ. ಕೊರಕಲನ್ನು ತಪ್ಪಿಸಲು ಜನ ಪಕ್ಕದ ಹುಲ್ಲನ್ನು ತುಳಿಯುತ್ತಾರೆ; ದಾರಿ ಇನ್ನೂ ಅಗಲವಾಗುತ್ತದೆ. ಹೀಗೆ ಬೆಟ್ಟವನ್ನು ಪ್ರೀತಿಸಿ ಬಂದವರೇ ಬೆಟ್ಟಕ್ಕೆ ಗಾಯ ಮಾಡುತ್ತಾರೆ. ಆದರೆ ನಿರ್ಬಂಧದಿಂದ ಆಗುವುದು ಅರ್ಧ ಕೆಲಸ ಮಾತ್ರ. ಶಿಖರದ ಬಾಗಿಲನ್ನು ಕಿರಿದುಗೊಳಿಸಿದ ಮೇಲೆ, ಕಾಡನ್ನು ಬಯಸಿ ಬಂದ ಉಳಿದವರು ಎಲ್ಲಿಗೆ ಹೋಗಬೇಕು? ಅವರಿಗಾಗಿ ಊರೂರಿನ ಸಮೀಪದಲ್ಲಿ ಸುಲಭವಾದ, ಕಿರಿದಾದ, ಸುರಕ್ಷಿತವಾದ ಕಾಡುದಾರಿಗಳು ಬೇಕು.

ಕಿರುದಾರಿಯೆಂದರೆ ಶಿಖರಕ್ಕೆ ಹೋಗಲಾರದವರಿಗೆ ಕೊಡುವ ಸಮಾಧಾನದ ಬಹುಮಾನವಲ್ಲ. ಶಿಖರದ ದಾರಿಯಲ್ಲಿ ಕಣ್ಣು ತುದಿಯ ಮೇಲಿರುತ್ತದೆ. ಏದುಸಿರು ಬಿಡುವವನಿಗೆ ಹಕ್ಕಿಯ ದನಿ ಕೇಳಿಸದು. ಒಂದೆರಡು ಮೈಲಿಯ ಸಮದಾರಿಯಲ್ಲಾದರೋ ನಿಲ್ಲಲು, ಬಾಗಿ ನೋಡಲು, ಕಿವಿಗೊಡಲು ಬಿಡುವುಂಟು. ಅಲ್ಲಿ ಚಗಳಿ ಇರುವೆಗಳು ತಮ್ಮ ಮರಿಹುಳುಗಳು ಸ್ರವಿಸುವ ನೂಲಿನಿಂದ ಎಲೆಗೆ ಎಲೆಯನ್ನು ಹೊಲಿದು ಗೂಡು ಕಟ್ಟುವುದನ್ನು ಕಾಣಬಹುದು. ಹಣ್ಣು ತಿಂದ ಮಂಗಟ್ಟೆ ಹಕ್ಕಿ ಬೀಜವನ್ನು ದೂರಕ್ಕೊಯ್ದು ಉದುರಿಸಿ, ತಾನರಿಯದೆಯೇ ಕಾಡನ್ನು ನೆಡುವ ಬಗೆಯನ್ನು ತಿಳಿಯಬಹುದು. ಬಿದ್ದ ಮರವನ್ನು ಅಣಬೆಯೂ ಗೆದ್ದಲೂ ಮತ್ತೆ ಮಣ್ಣಾಗಿಸುವ ಕಾರ್ಯವನ್ನು ನೋಡಬಹುದು. ಕಾಡಿನ ಪಾಠಶಾಲೆ ನಡೆಯುವುದು ನೆಲದ ಮೇಲೆ, ಎಲೆಯ ಕೆಳಗೆ, ತೊರೆಯ ಅಂಚಿನಲ್ಲಿ.

ಕನ್ನಡ ಸಾಹಿತ್ಯವೇ ಈ ಮಾತಿಗೆ ಸಾಕ್ಷಿಯಾಗಿದೆ. ಮಲೆನಾಡಿನ ಕಾಡಿಗೆ ಕಾವ್ಯದಲ್ಲಿಯೂ ಕಾದಂಬರಿಯಲ್ಲಿಯೂ ಅಮರ ಸ್ಥಾನವನ್ನು ದೊರಕಿಸಿಕೊಟ್ಟ ಕುವೆಂಪು ಅವರಿಗೆ ಅತ್ಯಂತ ಪ್ರಿಯವಾಗಿದ್ದ ಸ್ಥಳ ಯಾವುದೋ ದುರ್ಗಮ ಪರ್ವತದ ತುದಿಯಲ್ಲ. ಕುಪ್ಪಳಿಯ ಮನೆಯಿಂದ ನಡೆದೇ ತಲಪಬಹುದಾದ ಕವಿಶೈಲ. 1994ರಲ್ಲಿ ನಿಧನರಾದ ಆ ಮಹಾಕವಿ ಚಿರವಿಶ್ರಾಂತಿ ಪಡೆದಿರುವುದೂ ಅಲ್ಲಿಯೇ. ಮತ್ತೆ ಮತ್ತೆ ನಡೆದ ಹತ್ತಿರದ ದಾರಿಯೊಂದು ದೊಡ್ಡ ದರ್ಶನಕ್ಕೆ ಸಾಕಾಗಬಲ್ಲುದು. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿಯನ್ನು ಗುರುತಿಸುವ ಕಣ್ಣು ಇರುವುದು ಹಳ್ಳಿಯ ಮಂದಣ್ಣನಿಗೆ. ದಿನವೂ ಕಾಡಿನ ಒಡನಾಟದಲ್ಲಿರುವವನ ನೋಟದ ಬೆಲೆಯೇ ಬೇರೆ.

ಸುಲಭದ ದಾರಿಗೆ ಇನ್ನೂ ಒಂದು ಹಿರಿಮೆಯಿದೆ. ಅದು ಎಲ್ಲಕ್ಕಿಂತ ಮುಖ್ಯವಾದುದು. ಶಿಖರದ ದಾರಿ ಅಜ್ಜಿಯನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತದೆ. ಕಿರುದಾರಿ ಅವಳನ್ನು ಜೊತೆಗೆ ಕರೆದೊಯ್ಯುತ್ತದೆ. ಒಂದೆಲಗ ಯಾವುದು, ಮುರುಗಲ ಹಣ್ಣಿನ ಸಿಪ್ಪೆಯನ್ನು ಒಣಗಿಸಿಡುವುದು ಏಕೆ, ಯಾವ ಸೊಪ್ಪು ತಂಬುಳಿಗೆ, ಯಾವುದು ಗಾಯಕ್ಕೆ ಎಂಬುದನ್ನು ಬಲ್ಲವಳು ಅವಳು. ಈ ಜ್ಞಾನದಲ್ಲಿ ಬಹುಭಾಗ ಪುಸ್ತಕಕ್ಕೆ ಏರಿಲ್ಲ. ನಾಲಗೆಯಿಂದ ಕಿವಿಗೆ, ಕೈಯಿಂದ ಕೈಗೆ ಹರಿದು ಬಂದಿದೆ. ಅದನ್ನು ಹೇಳಿಕೊಡಲು ಗಿಡ ಎದುರಿಗೆ ಇರಬೇಕು, ಮೊಮ್ಮಗು ಪಕ್ಕದಲ್ಲಿರಬೇಕು. ಮೂರು ತಲೆಮಾರು ಒಟ್ಟಾಗಿ ನಡೆಯಲು ತಕ್ಕ ದಾರಿಯಿಲ್ಲದೆ ಹೋದರೆ ಒಂದು ತಲೆಮಾರಿನೊಡನೆ ಆ ಅರಿವೂ ಮಣ್ಣಾಗುತ್ತದೆ. ಕಳೆದುಹೋದ ಹೆಸರಿನ ಗಿಡವನ್ನು ಯಾರು ಕಾಪಾಡುತ್ತಾರೆ?

ಕಾಡಿನಲ್ಲಿ ಮೆಲ್ಲನೆ ನಡೆಯುವುದಕ್ಕೆ ಹೊರದೇಶಗಳಲ್ಲಿಯೂ ಮನ್ನಣೆಯುಂಟು. ಜಪಾನಿನ ಅರಣ್ಯ ಇಲಾಖೆಯು 1982ರಲ್ಲಿ 'ಶಿನ್‌ರಿನ್ ಯೋಕು', ಅಂದರೆ ಅರಣ್ಯಸ್ನಾನ, ಎಂಬ ಕಲ್ಪನೆಯನ್ನು ಜನರ ಮುಂದಿಟ್ಟಿತು. ಅದರಲ್ಲಿ ಗೆಲ್ಲಬೇಕಾದ ಶಿಖರವಿಲ್ಲ, ಮುರಿಯಬೇಕಾದ ದಾಖಲೆಯಿಲ್ಲ. ಮರಗಳ ನಡುವೆ ನಿಧಾನವಾಗಿ ಉಸಿರಾಡುತ್ತ ಸಾಗುವುದೇ ಗುರಿ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಕಾಡು ಪ್ರಾಣಿಗಳ ಮನೆ. ಅಲ್ಲಿಗೆ ಮನುಷ್ಯರ ದಾರಿಯೇಕೆ ಎಂದು ಕೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬಂಡೀಪುರ, ನಾಗರಹೊಳೆಗಳಂತಹ ಹುಲಿ ಮತ್ತು ಆನೆಗಳ ನೆಲೆ ಮಕ್ಕಳೊಡನೆ ನಡೆದಾಡುವ ಸ್ಥಳವಲ್ಲ. ಅಲ್ಲಿ ಪ್ರಾಣಿಗಳಿಗೇ ಮೊದಲ ಹಕ್ಕು. ಕಿರುದಾರಿಗಳು ಬೇಕಾಗಿರುವುದು ಊರಿನ ಅಂಚಿನ ಕಾಡಿನಲ್ಲಿ, ಈಗಾಗಲೇ ದನಗಾಹಿಗಳೂ ಯಾತ್ರಿಕರೂ ನಡೆದು ಸವೆದ ಜಾಡುಗಳಲ್ಲಿ. ಅಂತಹ ಕಡೆ ಹೊಸದಾಗಿ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಮಕ್ಕಳಿಗೆ ಅಪಾಯವೆಂಬುದು ಎರಡನೆಯ ಆಕ್ಷೇಪ. ಅಪಾಯಗಳು ಇವೆ, ಆದರೆ ಅವುಗಳಿಗೆ ಕಾಲವೂ ಉಂಟು, ಕ್ರಮವೂ ಉಂಟು. ಮಳೆಗಾಲದಲ್ಲಿ ಇಂಬಳಗಳ ಕಾಟ. ತೊರೆಗಳು ಉಕ್ಕುವ ಭಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಉಣ್ಣೆ ಅಥವಾ ಉಣುಗುಗಳ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಗೆಯವರೆಗೆ ಅದರ ಹಾವಳಿ ಹೆಚ್ಚು. ಕಾಯಿಲೆ ಕಾಣಿಸಿಕೊಂಡ ಅಥವಾ ಮಂಗಗಳು ಸತ್ತುಬಿದ್ದ ಕಾಡಿಗೆ ಹೋಗಬಾರದು. ಉಳಿದ ಕಡೆಯೂ ಸ್ಥಳೀಯರನ್ನು ವಿಚಾರಿಸಿ, ಮೈ ತುಂಬ ಬಟ್ಟೆ ತೊಟ್ಟು ಹೋಗಬೇಕು. ಮರಳಿದ ಬಳಿಕ ಬಟ್ಟೆ ಬದಲಿಸಿ ಸ್ನಾನ ಮಾಡಬೇಕು. ಕಾಡಿನ ಅರಿವಿಲ್ಲದವನಿಗೆ ಕಾಡು ಭಯಂಕರ. ಅರಿವುಳ್ಳವನಿಗೆ ಅದು ಎಚ್ಚರಿಕೆಯನ್ನು ಕಲಿಸುವ ಗುರು.

ಮೂರನೆಯ ಆಕ್ಷೇಪವೇ ಹೆಚ್ಚು ತೂಕವುಳ್ಳದ್ದು. ದಾರಿಯೆಂದು ಆರಂಭಿಸಿದ್ದು ಉದ್ಯಾನವಾಗಿಬಿಡುವ ಭಯ ಅದು. ಸುಲಭಗೊಳಿಸುವುದೆಂದರೆ ಸಿಮೆಂಟು ಹಾಸುವುದು, ಬಣ್ಣದ ಗೊಂಬೆಗಳನ್ನು ನಿಲ್ಲಿಸುವುದು, ತಿಂಡಿಯಂಗಡಿಗಳನ್ನು ತೆರೆಯುವುದು ಎಂದು ತಿಳಿದವರು ಎಲ್ಲೆಡೆಯೂ ಇದ್ದಾರೆ. 2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನವನ್ನು ನಿರ್ಮಿಸುವ ಯೋಜನೆ ಬಂದಾಗ ನಾಗರಿಕರು ಅದನ್ನು ಬಲವಾಗಿ ವಿರೋಧಿಸಿದರು. ಕಾಡು ಕಾಡಾಗಿಯೇ ಉಳಿಯಲಿ ಎಂಬುದು ಅವರ ಬೇಡಿಕೆ. ದಿನವೂ ಅಲ್ಲಿನ ಕಾಲುದಾರಿಗಳಲ್ಲಿ ನಡೆದವರೂ ಹಕ್ಕಿಗಳನ್ನು ನೋಡಿದವರೂ ಆ ವಿರೋಧದಲ್ಲಿದ್ದರೆಂಬುದನ್ನು ಗಮನಿಸಬೇಕು. ಕಾಲುದಾರಿಯ ಒಡನಾಟವೇ ಕಾಡಿಗೆ ಕಾವಲುಗಾರರನ್ನು ಒದಗಿಸುತ್ತದೆ.

ಹಾಗಾದರೆ ಒಳ್ಳೆಯ ಕಿರುದಾರಿ ಹೇಗಿರಬೇಕು? ಅದು ಮಣ್ಣಿನದಾಗಿರಬೇಕು; ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲುವಷ್ಟು ಅಗಲ ಸಾಕು. ಇಳಿಜಾರಿನಲ್ಲಿ ನೆಟ್ಟಗೆ ಏರದೆ ಬಳಸಿ ಬಳಸಿ ಸಾಗಬೇಕು. ಅಲ್ಲಲ್ಲಿ ಅಡ್ಡಲಾಗಿ ಕಲ್ಲನ್ನೋ ಮರದ ದಿಮ್ಮಿಯನ್ನೋ ಇರಿಸಿದರೆ ಮಳೆಯ ನೀರು ದಾರಿಯಲ್ಲಿ ಹರಿಯದೆ ಪಕ್ಕಕ್ಕೆ ಹೊರಳುತ್ತದೆ, ಮಣ್ಣು ಉಳಿಯುತ್ತದೆ. ಆಯಾಸಗೊಂಡವರು ಕೂರಲು ಒಂದೆರಡು ಕಲ್ಲುಬೆಂಚುಗಳು, ಮರಗಳ ಹೆಸರನ್ನು ಕನ್ನಡದಲ್ಲಿ ಬರೆದ ಹಲಗೆಗಳು ಇದ್ದರೆ ಸಾಕು. ಊರಿನ ತರುಣ ತರುಣಿಯರನ್ನು ಮಾರ್ಗದರ್ಶಕರನ್ನಾಗಿ ಗೊತ್ತುಮಾಡಿದರೆ ಅವರಿಗೂ ಜೀವನೋಪಾಯ, ಕಾಡಿಗೂ ಕಾವಲು.

ಇಂತಹ ದಾರಿ ಮಲೆನಾಡಿನ ಭಾಗ್ಯ ಮಾತ್ರವೆಂದು ತಿಳಿಯಬೇಕಾಗಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಊರಿನವರ ಒಪ್ಪಿಗೆಯೂ ಕಟ್ಟಳೆಯೂ ಅವಕಾಶ ಕೊಡುವೆಡೆ ಅವುಗಳ ಅಂಚಿನಲ್ಲಿ ಭಕ್ತಿಯಿಂದ ನಡೆಯಬಹುದು. ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧಿಯ ಸಸ್ಯಗಳಿಗೆ ಹೆಸರಾದುದು. 2019ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾಯಿತು. ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ ಬಿಸಿಲ ನಾಡಿನ ಕಾಡು ಇದೆ. ಕುರುಚಲು ಕಾಡೂ ಕಾಡೇ. ಅದರ ಮುಳ್ಳುಗಿಡ, ಹುಲ್ಲು, ಹಕ್ಕಿಗಳು ಆ ನೆಲದ ಸಂಪತ್ತು. ಬಯಲುಸೀಮೆಯ ಮಗು ಕಾಡನ್ನು ನೋಡಲು ಆಗುಂಬೆಗೇ ಹೋಗಬೇಕಾಗಿಲ್ಲ. ತನ್ನ ತಾಲ್ಲೂಕಿನ ಗುಡ್ಡವನ್ನೇ ಮೊದಲು ಅರಿಯಬೇಕು.

ದಾರಿ ಸುಲಭವಾದಷ್ಟೂ ನಡೆಯುವವನ ಹೊಣೆ ಹೆಚ್ಚುತ್ತದೆ. ಹೊರಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಅಗತ್ಯವೇ ಎಂದು ವಿಚಾರಿಸುವುದು, ಜಾಡನ್ನು ಬಿಟ್ಟು ಕದಲದಿರುವುದು, ಗಟ್ಟಿಯಾದ ಸಂಗೀತವನ್ನು ಹಾಕದಿರುವುದು, ಬೆಂಕಿ ಹೊತ್ತಿಸದಿರುವುದು, ಮಂಗಗಳಿಗೆ ತಿಂಡಿ ಹಾಕದಿರುವುದು, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರುವುದು, ಕತ್ತಲಾಗುವ ಮುನ್ನ ಹಿಂದಿರುಗುವುದು: ಇವು ಚಿಕ್ಕ ನಿಯಮಗಳು. ಇವನ್ನು ಪಾಲಿಸಲು ಕಸುವು ಬೇಕಾಗಿಲ್ಲ, ಸಂಸ್ಕಾರ ಬೇಕು.

ಪಶ್ಚಿಮ ಘಟ್ಟದ 39 ತಾಣಗಳನ್ನು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು; ಅವುಗಳಲ್ಲಿ ಹತ್ತು ಕರ್ನಾಟಕದಲ್ಲಿವೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಇಂದು ಶಾಲೆಯಲ್ಲಿರುವ ಮಕ್ಕಳು ನಾಳೆ ಅಧಿಕಾರಿಗಳೂ ಎಂಜಿನಿಯರುಗಳೂ ಮತದಾರರೂ ಆಗುತ್ತಾರೆ. ಒಂದು ಕಾಡಿನ ನಡುವೆ ರಸ್ತೆಯೋ ಗಣಿಯೋ ಅಣೆಕಟ್ಟೋ ಬೇಕೆ ಬೇಡವೆ ಎಂಬ ಪ್ರಶ್ನೆ ಅವರ ಮುಂದೆ ಬಂದೇ ಬರುತ್ತದೆ. ಕಾಡನ್ನು ನಕಾಶೆಯಲ್ಲಿ ಮಾತ್ರ ಕಂಡವರಿಗೆ ಅದು ಹಸಿರು ಬಣ್ಣದ ಒಂದು ತುಂಡು. ಅಜ್ಜಿಯ ಕೈ ಹಿಡಿದು ಅಲ್ಲಿ ನಡೆದವರಿಗಾದರೋ ಅದು ಹೆಸರುಗಳುಳ್ಳ ಮರಗಳ, ದನಿಗಳುಳ್ಳ ಹಕ್ಕಿಗಳ ನಾಡು. ಆ ನಡಿಗೆಗೆ ಪರ್ವತ ಬೇಕಾಗಿಲ್ಲ; ಊರಿನ ಅಂಚಿನಲ್ಲಿ ಒಂದು ಮೈಲಿಯ ಕಾಲುದಾರಿ ಸಾಕು.