‘ಅರ್ಥವಾಗಲಿಲ್ಲ’ ಎನ್ನುವ ಯಂತ್ರ

ಇಂದು ಪಿಯುಸಿ ಓದುತ್ತಿರುವ ನಮ್ಮಲ್ಲಿ ಫ್ಯಾಕ್ಸ್ ಯಂತ್ರವನ್ನು ಕಣ್ಣಾರೆ ಕಂಡವರು ಕಡಿಮೆ. ಕಾಗದದ ಮೇಲಿರುವುದನ್ನು ಟೆಲಿಫೋನ್ ತಂತಿಯ ಮೂಲಕ ಬೇರೆ ಊರಿಗೆ ಕಳಿಸುತ್ತಿದ್ದ ಅದರ ಜಾಗಕ್ಕೆ ಈಗ ಇಮೇಲ್, ವಾಟ್ಸಾಪ್ ಬಂದಿವೆ. ಆದರೂ ಎರಡು ಫ್ಯಾಕ್ಸ್ ಯಂತ್ರಗಳು ಮಾತಾಡಿಕೊಳ್ಳುವ ರೀತಿಯಲ್ಲಿ ನಮ್ಮ ತರಗತಿಗಳಿಗೆ ಬೇಕಾದ ಒಂದು ಪಾಠವಿದೆ ಎಂಬುದು ನನ್ನ ಅಭಿಪ್ರಾಯ.

ಕಳಿಸುವ ಯಂತ್ರ ನಂಬರ್ ಡಯಲ್ ಮಾಡಿ, 1100 ಹರ್ಟ್ಸ್ ಸದ್ದನ್ನು ಅರ್ಧ ಸೆಕೆಂಡ್ ಹೊರಡಿಸಿ, ಮೂರು ಸೆಕೆಂಡ್ ಸುಮ್ಮನಿದ್ದು, ಮತ್ತೆ ಹೊರಡಿಸುತ್ತದೆ. ‘ಇದು ಫ್ಯಾಕ್ಸ್ ಕರೆ’ ಎಂದು ಅದರರ್ಥ. ಆ ಕಡೆಯ ಯಂತ್ರ 2100 ಹರ್ಟ್ಸ್ ಸದ್ದಿನಲ್ಲಿ ಓಗೊಡುತ್ತದೆ. ಆಮೇಲೆ ತನ್ನ ವಿವರ ಹೇಳುವುದು ಕಳಿಸುವವನಲ್ಲ, ಸ್ವೀಕರಿಸುವವನು! ತನಗೆ ಯಾವ ವೇಗ ಸಾಧ್ಯ, ಎಷ್ಟು ಅಗಲದ ಕಾಗದ ಇದೆ ಎಂದು ಅದೇ ತಿಳಿಸುತ್ತದೆ. ಈ ಸಂಕೇತದ ಹೆಸರು ಡಿಐಎಸ್. ಅದನ್ನು ಕೇಳಿದ ಮೇಲೆಯೇ ಕಳಿಸುವ ಯಂತ್ರ ಎರಡಕ್ಕೂ ಹೊಂದುವ ವೇಗವನ್ನು ಆರಿಸುತ್ತದೆ. ಪುಟವನ್ನು ಸೆಕೆಂಡಿಗೆ 14,400 ಬಿಟ್ ವೇಗದಲ್ಲಿ ಕಳಿಸಬಲ್ಲ ಯಂತ್ರವೂ ಈ ಮಾತುಕತೆಯನ್ನು ಬರೀ 300 ಬಿಟ್ ವೇಗದಲ್ಲಿ ನಡೆಸುತ್ತದೆ.

ಅಷ್ಟಕ್ಕೇ ನಂಬಿ ಪುಟ ಕಳಿಸುವುದಿಲ್ಲ. ಆರಿಸಿದ ವೇಗದಲ್ಲಿ ಒಂದೂವರೆ ಸೆಕೆಂಡ್ ಬರೀ ಸೊನ್ನೆಗಳನ್ನು ಕಳಿಸಿ ಪರೀಕ್ಷಿಸುತ್ತದೆ. ಸರಿಯಾಗಿ ತಲುಪಿದರೆ ‘ಸಿಎಫ್‌ಆರ್’ ಎಂಬ ಉತ್ತರ. ಇಲ್ಲವಾದರೆ ‘ಎಫ್‌ಟಿಟಿ’, ಅಂದರೆ ಪರೀಕ್ಷೆ ವಿಫಲ. ಆಗ 9600 ಇದ್ದದ್ದು 7200ಕ್ಕೆ, 4800ಕ್ಕೆ, ಬೇಕಾದರೆ 2400ಕ್ಕೂ ಇಳಿಯುತ್ತದೆ. ಪುಟ ಮುಗಿದ ಮೇಲೂ ‘ಸಿಕ್ಕಿತು’ ಎಂಬ ಸಂಕೇತಕ್ಕೆ ಕಾಯುತ್ತದೆ. ಈ ನಿಯಮಗಳು 1980ರಲ್ಲಿ ಟಿ.30 ಎಂಬ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಬಂದವು. ಹಾಗಾಗಿಯೇ ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ದೇಶಗಳ ಯಂತ್ರಗಳಿಗೂ ಪರಸ್ಪರ ಅರ್ಥವಾಗುತ್ತದೆ.

ಈಗ ನಮ್ಮ ತರಗತಿಗೆ ಬರೋಣ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದವರು ವಿಜ್ಞಾನ ವಿಭಾಗಕ್ಕೆ ಬಂದಾಗ ಎಲ್ಲವೂ ಒಮ್ಮೆಲೇ ಇಂಗ್ಲಿಷ್ ಆಗುತ್ತದೆ. ‘ದ್ಯುತಿಸಂಶ್ಲೇಷಣೆ’ ಗೊತ್ತಿದ್ದವರಿಗೆ ‘ಫೋಟೋಸಿಂಥೆಸಿಸ್’ ಹೊಸ ಪದ. ವಿಷಯ ತಿಳಿದಿದ್ದರೂ ಪದ ತಿಳಿಯದೆ ಅವರು ಹಿಂದೆ ಬೀಳುತ್ತಾರೆ. ಪಾಠ ಮುಗಿದಾಗ ‘ಅರ್ಥವಾಯಿತಾ?’ ಎಂಬ ಪ್ರಶ್ನೆ ಬರುತ್ತದೆ. ‘ಯೆಸ್ ಸರ್’ ಎಂದು ಇಡೀ ಕ್ಲಾಸ್ ಒಟ್ಟಿಗೆ ಹೇಳುತ್ತದೆ. ಅದರಲ್ಲಿ ಎಷ್ಟು ನಿಜವಾದ ಸಿಎಫ್‌ಆರ್, ಎಷ್ಟು ನುಂಗಿಕೊಂಡ ಎಫ್‌ಟಿಟಿ?

ಪೋರ್ಷನ್ ಮುಗಿಯಬೇಕು, ಸಿಇಟಿ, ನೀಟ್ ಇದೆ, ನಿಧಾನಿಸಲು ಸಮಯವೆಲ್ಲಿ ಎಂದು ಕೇಳಬಹುದು. ಉಪನ್ಯಾಸಕರ ಈ ಕಷ್ಟ ಸುಳ್ಳಲ್ಲ. ಆದರೆ ತಂತಿಗೆ ತಾಳದ ವೇಗದಲ್ಲಿ ಕಳಿಸಿದ ಪುಟ ಕಪ್ಪು ಗೆರೆಗಳಾಗಿ ಬರುತ್ತದೆ, ಅದನ್ನು ಮತ್ತೆ ಕಳಿಸಲೇಬೇಕು. ಮೊದಲ ಪುಟದಲ್ಲಿ ಉಳಿಸಿದ ಸಮಯಕ್ಕಿಂತ ಹೆಚ್ಚು ಅಲ್ಲಿ ಕಳೆಯುತ್ತದೆ. ಜನವರಿಯಲ್ಲಿ ನಡೆಯುವ ರಿವಿಷನ್ ಅನೇಕರಿಗೆ ಮೊದಲ ಪಾಠವೇ ಆಗಿರುತ್ತದೆ.

ನನ್ನ ಸಲಹೆ ಸಣ್ಣದು. ಹೊಸ ಅಧ್ಯಾಯಕ್ಕೆ ಮುಂಚೆ ಐದು ನಿಮಿಷ ಅದರ ಹತ್ತು ಮುಖ್ಯ ಪದಗಳನ್ನು ಕನ್ನಡ, ಉರ್ದುವಿನಲ್ಲೂ ಬೋರ್ಡಿನ ಮೇಲೆ ಬರೆಯಲಿ. ‘ಅರ್ಥವಾಯಿತಾ’ ಎನ್ನುವ ಬದಲು ಒಂದು ಚಿಕ್ಕ ಲೆಕ್ಕ ಕೊಟ್ಟು ನೋಡಲಿ. ಹೆಸರಿಲ್ಲದ ಚೀಟಿಯಲ್ಲಿ ಸಂಶಯ ಬರೆದು ಹಾಕಲು ಪ್ರತಿ ತರಗತಿಯಲ್ಲೂ ಒಂದು ಡಬ್ಬಿ ಇರಲಿ.

ಆದರೆ ಅರ್ಧ ಹೊಣೆ ನಮ್ಮದೇ. ಸ್ವೀಕರಿಸುವ ಯಂತ್ರ ಸುಳ್ಳು ಹೇಳಿದರೆ ಕಳಿಸುವ ಯಂತ್ರ ಏನೂ ಮಾಡಲಾರದು. ಎದ್ದು ನಿಂತು ‘ಸರ್, ಇನ್ನೊಮ್ಮೆ’ ಎಂದವನನ್ನು ನೋಡಿ ಹಿಂದಿನ ಬೆಂಚಿನಲ್ಲಿ ನಗುವುದನ್ನು ನಾವು ಮೊದಲು ಬಿಡಬೇಕು. ಎಫ್‌ಟಿಟಿ ಕಳಿಸಿದ ಯಂತ್ರವನ್ನು ಯಾರೂ ದಡ್ಡ ಎನ್ನುವುದಿಲ್ಲ. ಅದು ಹಾಗೆ ಹೇಳಿದ್ದರಿಂದಲೇ ಪುಟ ಸರಿಯಾಗಿ ತಲುಪುತ್ತದೆ.