ಅಗ್ಗದ ಎಣ್ಣೆ, ದುಬಾರಿ ಗಾಡಿ

ಚಾಮರಾಜನಗರದ ಸಮೀಪದ ಹರದನಹಳ್ಳಿಯಿಂದ ಬಂದು ನಮ್ಮಲ್ಲಿ ಓದಿದ ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮ ಮುಂದೆ ಒಂದು ಸಮಸ್ಯೆಯನ್ನಿಟ್ಟನು. ಅರಿಶಿನದ ಬೆಳೆ ಕೈಹಿಡಿದುದರಿಂದ ಅವನ ತಂದೆಯವರು ಒಬ್ಬರು ಬಳಸಿ ಬಿಟ್ಟ ಐಷಾರಾಮಿ ಕಾರೊಂದನ್ನು ಕೊಳ್ಳಲು ಬಯಸಿದ್ದಾರೆ. ಒಂದೇ ಮಾದರಿಯ ಎರಡು ಕಾರುಗಳಿವೆ. ಒಂದು ಪೆಟ್ರೋಲಿನದು, ಇನ್ನೊಂದು ಡೀಸೆಲಿನದು. ಡೀಸೆಲ್ ಕಾರಿಗೆ 2 ಲಕ್ಷ ರೂಪಾಯಿ ಹೆಚ್ಚು. "ಆದರೂ ಡೀಸೆಲ್ಲೇ ಲಾಭವಲ್ಲವೆ, ಸಾರ್?" ಎಂಬುದು ಅವನ ಪ್ರಶ್ನೆ.

ಡೀಸೆಲ್ ಯಂತ್ರವು ಮಿತವ್ಯಯಿ ಎಂಬುದು ನಿಜ. ಪೆಟ್ರೋಲ್ ಯಂತ್ರದಲ್ಲಿ ಕಿಡಿಯಿಂದ ದಹನವಾಗುತ್ತದೆ. ಡೀಸೆಲ್ ಯಂತ್ರದಲ್ಲಾದರೋ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಒತ್ತಡದ ಪ್ರಮಾಣ ಹೆಚ್ಚಿದಷ್ಟೂ ಶಾಖದ ಹೆಚ್ಚು ಭಾಗ ಕೆಲಸವಾಗಿ ಮಾರ್ಪಡುತ್ತದೆ. 1897ರಲ್ಲಿ ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷಿಸಿದ ಯಂತ್ರವು ಎಣ್ಣೆಯ ಶಕ್ತಿಯಲ್ಲಿ ಕಾಲುಭಾಗಕ್ಕೂ ಮಿಗಿಲಾದುದನ್ನು ಕೆಲಸವಾಗಿಸಿತು. ಅಂದಿಗೆ ಅದೊಂದು ಸಾಹಸವೇ ಸರಿ. ಅಲ್ಲದೆ ಡೀಸೆಲ್ ಹೆಚ್ಚು ಸಾಂದ್ರವಾದುದರಿಂದ ಅದರ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಶೇಕಡ 10ಕ್ಕೂ ಹೆಚ್ಚು ಶಕ್ತಿ ಅಡಗಿದೆ.

ಈಗ ಲೆಕ್ಕಕ್ಕೆ ಬರೋಣ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಡೀಸೆಲ್ 90 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯ ಕಾರು ಲೀಟರಿಗೆ 10 ಕಿಲೋಮೀಟರು, ಎರಡನೆಯದು 15 ಕಿಲೋಮೀಟರು ಓಡಲಿ. ಆಗ ಕಿಲೋಮೀಟರಿಗೆ ಕ್ರಮವಾಗಿ 10 ಮತ್ತು 6 ರೂಪಾಯಿ ತಗಲುತ್ತದೆ; ಉಳಿತಾಯ 4 ರೂಪಾಯಿ. ಹೆಚ್ಚಾಗಿ ತೆತ್ತ 2 ಲಕ್ಷ ಮರಳಬೇಕಾದರೆ 50,000 ಕಿಲೋಮೀಟರು ಓಡಬೇಕು. ದಿನವೂ ಮೈಸೂರಿಗೆ ಹೋಗಿಬಂದು 130 ಕಿಲೋಮೀಟರು ಕ್ರಮಿಸುವವರಿಗೆ, ವರ್ಷಕ್ಕೆ 300 ದಿನವೆಂದು ಹಿಡಿದರೆ, ಒಂದೂಕಾಲು ವರ್ಷ ಸಾಕು. ಚಾಮರಾಜನಗರದ ಪೇಟೆಗೆ ಹೋಗಿಬಂದು 12 ಕಿಲೋಮೀಟರು ಮಾತ್ರ ಓಡಿಸುವವರಿಗೆ ಸುಮಾರು 14 ವರ್ಷ ಬೇಕು! ಅಷ್ಟರಲ್ಲಿ ಮೊದಲೇ ಹಳೆಯದಾದ ಕಾರಿನ ಆಯುಸ್ಸೇ ಮುಗಿದಿರುತ್ತದೆ.

ಇನ್ನೊಂದು ತೊಡಕುಂಟು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-6 ನಿಯಮ ಜಾರಿಗೆ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿಯೂ, ಅದಕ್ಕೆ ಹಿಂದಿನ ಎಷ್ಟೋ ಬೆಲೆಬಾಳುವ ಕಾರುಗಳಲ್ಲಿಯೂ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದೆ. ಕೂಡಿದ ಮಸಿ ಸುಟ್ಟುಹೋಗಲು ಅದು ಸುಮಾರು 600 ಡಿಗ್ರಿ ಸೆಂಟಿಗ್ರೇಡಿಗೆ ಕಾಯಬೇಕು. ಯಂತ್ರ ಬಿಸಿಯಾಗುವಷ್ಟರಲ್ಲಿಯೇ ಮುಗಿಯುವ ಪಯಣದಲ್ಲಿ ಇದು ಸಾಧ್ಯವಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಐಷಾರಾಮಿ ಕಾರು ಹಳೆಯದಾದಾಗ ಅದರ ಬೆಲೆ ಇಳಿಯುತ್ತದೆಯೇ ಹೊರತು ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. ಒಂದೇ ದುರಸ್ತಿ ಹಲವು ವರ್ಷಗಳ ಉಳಿತಾಯವನ್ನು ನುಂಗಬಲ್ಲದು.

ಕೆಲವರು ಈ ಫಿಲ್ಟರನ್ನೇ ಕಿತ್ತು ಖರ್ಚು ತಪ್ಪಿಸಿಕೊಳ್ಳುವುದುಂಟು. ಇದನ್ನು ನಾವು ಖಂಡಿತವಾಗಿ ಒಪ್ಪೆವು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಸಾರಿದೆ. ನಮ್ಮ ಉಳಿತಾಯದ ಬೆಲೆಯನ್ನು ದಾರಿಹೋಕರ ಶ್ವಾಸಕೋಶ ತೆರುವುದು ನ್ಯಾಯವಲ್ಲ.

ಆದುದರಿಂದ ಆ ವಿದ್ಯಾರ್ಥಿಗೆ ನಾವು ಹೇಳಿದುದಿಷ್ಟೆ: "ಯಾವ ಎಣ್ಣೆ ಅಗ್ಗವೆಂದು ಕೇಳಬೇಡ, ವರ್ಷಕ್ಕೆ ಎಷ್ಟು ದೂರ ಓಡಿಸುವಿರೆಂದು ಮೊದಲು ತಂದೆಯವರನ್ನು ಕೇಳು." ಪೇಟೆಯ ಓಡಾಟವೇ ಹೆಚ್ಚಾದರೆ ಪೆಟ್ರೋಲೇ ಲೇಸೆಂಬುದು ನಮ್ಮ ಮತ. ಅಂಕಿಗಳು ಊರಿಂದೂರಿಗೆ, ಕಾರಿಂದ ಕಾರಿಗೆ ಬದಲಾಗುತ್ತವೆ. ಲೆಕ್ಕದ ರೀತಿ ಮಾತ್ರ ಬದಲಾಗದು. ವಾಚಕ ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಇಂಥ ಮಾತು ಬಂದಾಗ ಕಾಗದ ಪೆನ್ಸಿಲು ಹಿಡಿದು ಕುಳಿತರೆ, ಕಲಿತ ಭೌತಶಾಸ್ತ್ರ ಸಾರ್ಥಕವಾದೀತು.